ಮೂರನೆಯ ಬೀಗದ ಕೈ

ಬಾಗಿಲಿಗೆ ಒಳ್ಳೆಯ ಬೀಗ ಕೂರಿಸಿದರೆ ಅದರ ಜೊತೆ ಮೂರು ಬೀಗದ ಕೈ ಬರುತ್ತವೆ. ಒಂದು ಗಂಡನಿಗೆ, ಒಂದು ಹೆಂಡತಿಗೆ, ಅಲ್ಲಿಗೆ ತಕರಾರಿಲ್ಲ. ತಕರಾರಿರುವುದು ಮೂರನೆಯದರಲ್ಲಿ. ಅದು ಹೊರಗಿನವರೊಬ್ಬರ ಹತ್ತಿರ ಇರಬೇಕು. ಬೀಗದ ಕೈ ಒಳಗೇ ಮರೆತು ಬಾಗಿಲು ಎಳೆದುಕೊಂಡ ದಿನ, ನಲ್ಲಿ ನಿಲ್ಲಿಸದೆ ಊರಿಗೆ ಹೊರಟ ದಿನ, ಒಂದು ಫೋನು ಹೋದರೆ ಅವರು ಓಡಿ ಬರಬೇಕು. ಹೊರಗಿದ್ದೂ ಒಳಗಿನವರು ಅನ್ನಿಸಿಕೊಂಡವರಿಗೆ ಮಾತ್ರ ಸಿಗುವ ಮರ್ಯಾದೆ ಅದು. ತನ್ನ ತಂಗಿಯ ಹೊಸ ಮನೆಯ ಮೂರನೆಯ ಬೀಗದ ಕೈ ತನಗೇ ಅಂತ ಟೈಲರಮ್ಮ ಅಡಿಪಾಯ ತೋಡುವಾಗಲೇ ತೀರ್ಮಾನಿಸಿಬಿಟ್ಟಿದ್ದಳು.

ತೀರ್ಮಾನಿಸದೆ ಇನ್ನೇನು ಮಾಡಿಯಾಳು ಹೇಳಿ. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತಲೆ ಬಾಚಿದ್ದು, ಸ್ಕೂಲಿಗೆ ಕಳಿಸಿದ್ದು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿ ಕೂತದ್ದು, ಪ್ರತಿ ವರ್ಷ ಲಂಗದ ಅಂಚು ಬಿಚ್ಚಿ ಉದ್ದ ಮಾಡಿ ಹೊಲಿದದ್ದು ಎಲ್ಲ ಇವಳೇ. "ಹೆತ್ತಿಲ್ಲ ಅನ್ನೋದೊಂದು ಬಿಟ್ರೆ ಅವಳಿಗೆ ನಾನೇ ತಾಯಿ" ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಕೇಳಿ ಕೇಳಿ ಖಾಯಂ ಗಿರಾಕಿಗಳಿಗೆ ಅದು ಬಾಯಿಪಾಠವಾಗಿತ್ತು.

ಟೈಲರಮ್ಮನ ಅಂಗಡಿ ಅಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಂದು ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ಮೇಜು, ಬಂದವರು ಕೂರಲು ಒಂದು ಬೆಂಚು. ಹಿಂದೆಯೇ ಬಾಡಿಗೆಯ ಎರಡು ಕೋಣೆ, ಅವಳ ಸಂಸಾರ. ಬಸ್ಸಿನ ಡ್ರೈವರ್ ಆಗಿದ್ದ ಗಂಡ ಮನೆಗೆ ಬಂದರೆ ಊಟ ಮಾಡಿ ಮಲಗುವವನು, ಮಾತು ಕಡಿಮೆ. ಆದ್ದರಿಂದ ಟೈಲರಮ್ಮನ ಮಾತೆಲ್ಲ ಬೆಂಚಿನ ಮೇಲೆ ಕೂತವರ ಪಾಲಿಗೆ. ಅವಳ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಒಂದು ಕೈ ಮೇಲು. ಬ್ಲೌಸಿಗೆ ಹುಕ್ಕು ಹಾಕಿಸಲು ಬಂದವರು ಹುಕ್ಕು ಹಾಕಿಸಿಕೊಂಡ ಮೇಲೂ ಅರ್ಧ ಗಂಟೆ ಕೂತು ನಕ್ಕು ಹೋಗುತ್ತಿದ್ದರು.

ತಂಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಅವಳ ಗಂಡ ವಿಮಾ ಕಂಪನಿಯಲ್ಲಿ. ಕಳ್ಳತನವಾದ ಮನೆಗೆ ಹೋಗಿ ಏನೇನು ಹೋಯಿತು, ಕಳ್ಳ ಎಲ್ಲಿಂದ ನುಗ್ಗಿದ ಅಂತ ನೋಡಿ ವರದಿ ಬರೆಯುವುದೇ ಅವನ ಉದ್ಯೋಗ. ದಿನವಿಡೀ ಬೇರೆಯವರ ಮುರಿದ ಬಾಗಿಲು ನೋಡಿ ನೋಡಿ ಆ ಮನುಷ್ಯನ ತಲೆಯಲ್ಲಿ ಕಳ್ಳರೇ ತುಂಬಿಕೊಂಡಿದ್ದರು. ಹೊಸ ಮನೆಗೆ ಗೋಡೆ ಏಳುವ ಮೊದಲೇ ಗ್ರಿಲ್ಲು ಎಷ್ಟು ದಪ್ಪ ಇರಬೇಕು ಅಂತ ಯೋಚಿಸಿದವನು ಅವನು. ಟೈಲರಮ್ಮ ಅವನ ಬೆನ್ನ ಹಿಂದೆ ಅವನಿಗೆ ಕಿಲ್ಲೇದಾರ ಅಂತ ಹೆಸರಿಟ್ಟಿದ್ದಳು. ಎದುರಿಗೆ ಮಾತ್ರ ಅವನು "ಅತ್ತಿಗೆ" ಅಂದರೆ ಇವಳು "ಏನಂತೀರಿ" ಅಂತ ಬಹುವಚನದಲ್ಲೇ ಮಾತಾಡಿಸುತ್ತಿದ್ದಳು.

ಮನೆ ಎದ್ದಿತು. ಚೆನ್ನಾಗಿಯೇ ಎದ್ದಿತು, ಕಷ್ಟ ಬಂದದ್ದೇ ಅದರಿಂದ. ಮೊದಲ ಸಲ ನೋಡಲು ಹೋದ ದಿನ ತಂಗಿ ಕೈ ಹಿಡಿದು ಒಂದೊಂದೇ ಕೋಣೆ ತೋರಿಸಿದಳು. ಅಡುಗೆಮನೆಯ ಡ್ರಾಯರನ್ನು ಸುಮ್ಮನೆ ನೂಕಿದರೆ ಸಾಕು, ಕೊನೆಯಲ್ಲಿ ತಾನೇ ನಿಧಾನವಾಗಿ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಟೈಲರಮ್ಮ ಅದನ್ನು ಎಳೆದಳು, ನೂಕಿದಳು, ಮತ್ತೆ ಎಳೆದಳು. ಬಟ್ಟೆ ಒಗೆಯುವ ಮಷೀನಿಗೇ ಒಂದು ಪುಟ್ಟ ಕೋಣೆ. ಮಲಗುವ ಕೋಣೆಯ ಕಿಟಕಿಗೆ ಕೂರುವಷ್ಟು ಅಗಲದ ಕಟ್ಟೆ. "ಇಲ್ಲಿ ಕೂತು ಏನು ಮಾಡ್ತೀಯ?" ಅಂದಳು. "ಏನೂ ಇಲ್ಲ ಅಕ್ಕಾ, ಸುಮ್ನೆ ಕೂರೋದು" ಅಂದಳು ತಂಗಿ. ಸುಮ್ಮನೆ ಕೂರಲು ಒಂದು ಜಾಗ. ಟೈಲರಮ್ಮನಿಗೆ ಹೊಟ್ಟೆಯಲ್ಲಿ ಚುರುಕ್ ಅಂದಿತು. ತನ್ನ ಮನೆಗೆ ಬಂದು ಚಮಚ ತೆಗೆಯಲು ಡ್ರಾಯರ್ ಎಳೆದರೆ ಅದು ಎಂದಿನಂತೆ ಅರ್ಧಕ್ಕೇ ಸಿಕ್ಕಿಕೊಂಡಿತು. ಅದನ್ನು ಒದ್ದಳು, ಕಾಲಿನ ಬೆರಳು ಊದಿಕೊಂಡಿತು.

ಹಾಗಂತ ಅವಳು ಕೆಟ್ಟವಳು ಅಂತ ನೀವು ತಿಳಿಯಬಾರದು. ತಂಗಿ ಚೆನ್ನಾಗಿರಲಿ ಅಂತಲೇ ಅವಳ ಆಸೆ. ತನಗಿಂತ ಒಂದು ಕೂದಲೆಳೆಯಷ್ಟು ಕಡಿಮೆ ಚೆನ್ನಾಗಿರಲಿ, ಅಷ್ಟೇ. ಹೊಟ್ಟೆಕಿಚ್ಚನ್ನು ಅದುಮಿಕೊಂಡು ಇಡೀ ಮನೆಗೆ ಪರದೆ ತಾನೇ ಹೊಲಿಯುತ್ತೇನೆ ಅಂದಳು, ಪುಕ್ಕಟೆ. ದೀಪ ಹಾಕಿದಾಗ ಒಳಗಿನವರ ನೆರಳು ಹೊರಗೆ ಕಾಣಬಾರದು ಅಂತ ಕಿಲ್ಲೇದಾರ ಹಟ ಹಿಡಿದದ್ದಕ್ಕೆ ಬೂದು ಬಣ್ಣದ ದಪ್ಪ ಬಟ್ಟೆ, ಹಿಂದೆ ಅಸ್ತರು. ಸೂಜಿ ಮುರಿಯುವಂಥ ಬಟ್ಟೆ. ಬಂದ ಗಿರಾಕಿಗಳ ಕೆಲಸ ಬದಿಗಿಟ್ಟು ಅದನ್ನು ಹೊಲಿದಳು. ಮೂರನೆಯ ಬೀಗದ ಕೈ ಬರುವ ಮನೆಗೆ ಇಷ್ಟು ಮಾಡದಿದ್ದರೆ ಹೇಗೆ?

ಪರದೆ ತೂಗುಹಾಕಲು ಹೋದ ದಿನವೇ ಬೀಗದವನೂ ಬಂದಿದ್ದ. ಟೈಲರಮ್ಮ ಸ್ಟೂಲಿನ ಮೇಲೆ ನಿಂತು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನೆರಿಗೆ ಸರಿಮಾಡುತ್ತಿದ್ದಳು. ಬೀಗದವನು ಕೆಲಸ ಮುಗಿಸಿ ಮೂರು ಬೀಗದ ಕೈಗಳನ್ನು ತಂಗಿಯ ಅಂಗೈಗೆ ಹಾಕಿ ಹೋದ. ತಂಗಿ ಒಂದನ್ನು ಗಂಡನಿಗೆ ಕೊಟ್ಟಳು, ಒಂದನ್ನು ತನ್ನ ಪರ್ಸಿಗೆ ಹಾಕಿದಳು. ಮೂರನೆಯದನ್ನು ಹಿಡಿದು ಸ್ಟೂಲಿನ ಹತ್ತಿರ ಬಂದಳು. ಟೈಲರಮ್ಮ ಪಿನ್ನುಗಳನ್ನು ಬಾಯಿಂದ ತೆಗೆದು, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅಕ್ಕಾ, ಇದಕ್ಕೆ ಕಟ್ಟೋಕೆ ಒಂದು ಚೂರು ಪರದೆ ಬಟ್ಟೆ ಕೊಡೇ. ಪಕ್ಕದ ಮೆಡಿಕಲ್ ಶಾಪ್ ಮೇಡಂ ಹತ್ರ ಇದನ್ನ ಇಡೋಣ ಅಂತಿದೀವಿ. ಅವರು ಬೆಳಗ್ಗೆಯಿಂದ ಸಂಜೆವರೆಗೂ ಅಂಗಡೀಲೇ ಇರ್ತಾರೆ. ಇಲ್ಲಿಂದ ಕೂಗಿದ್ರೆ ಕೇಳ್ಸತ್ತೆ" ಅಂದಳು ತಂಗಿ.

"ಹೂಂ. ಒಳ್ಳೇದಾಯ್ತಲ್ಲ" ಅಂದಳು ಟೈಲರಮ್ಮ. ಬಟ್ಟೆಯ ಪಟ್ಟಿ ಕತ್ತರಿಸಿ ಕೊಟ್ಟದ್ದೂ ಅವಳೇ. ಕತ್ತರಿ ಕೈಯಲ್ಲಿದ್ದಾಗ ಅವಳ ಮುಖ ಯಾರೂ ನೋಡಲಿಲ್ಲ, ಅದೇ ಪುಣ್ಯ.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಕಕ್ಕಿದಳು. "ನಿನ್ನೆ ಮೊನ್ನೆ ಪರಿಚಯ ಆದವಳು. ಕೆಮ್ಮಿಗೆ, ನೆಗಡಿಗೆ ಮಾತ್ರೆ ಕೊಡ್ತಾಳೆ, ಅಷ್ಟೇ ಸಂಬಂಧ. ಅವಳಿಗೆ ಕೀ. ಎತ್ತಿ ಆಡಿಸಿದ ನಂಗೆ ಬಟ್ಟೆ ಚೂರು ಕತ್ತರಿಸೋ ಕೆಲಸ" ಅಂದಳು.

ಗಂಡ ತಟ್ಟೆಯಿಂದ ತಲೆಯೆತ್ತಿದ. "ನಿಂಗೆ ಬೇಕಾಗಿರೋದು ಕೀನೋ, ಮನೇನೋ?" ಅಂದ.

ಅವತ್ತಿನಿಂದ ಅವನಿಗೆ ಅವಳು ಉಪ್ಪು ಸರಿಯಾಗಿ ಹಾಕಿ ಅಡುಗೆ ಮಾಡಲಿಲ್ಲ.

ಮೆಡಿಕಲ್ ಶಾಪಿನ ಹೆಂಗಸಿಗೆ ಟೈಲರಮ್ಮ ಮಾತ್ರೆಯಮ್ಮ ಅಂತ ಹೆಸರಿಟ್ಟಳು. ಹೆಸರಿಟ್ಟ ಮೇಲೆ ನೋಡದಿದ್ದರೆ ಹೇಗೆ, ತಲೆನೋವಿನ ನೆಪ ಮಾಡಿಕೊಂಡು ಅಂಗಡಿಗೇ ಹೋದಳು. ನಲವತ್ತು ದಾಟಿದ, ಕನ್ನಡಕದ, ನಿಧಾನವಾಗಿ ಮಾತಾಡುವ ಹೆಂಗಸು. "ಬರಿ ಹೊಟ್ಟೇಲಿ ತಗೋಬೇಡಿ" ಅಂತ ಮಾತ್ರೆ ಕೊಟ್ಟಳು. ಅವಳ ಹಿಂದೆ, ಕೆಮ್ಮಿನ ಔಷಧಿ ಜೋಡಿಸಿದ್ದ ಕಪಾಟಿನ ಪಕ್ಕದಲ್ಲಿ, ಒಂದು ಮೊಳೆಗೆ ಬೂದು ಬಟ್ಟೆಯ ಪಟ್ಟಿ ಕಟ್ಟಿದ ಬೀಗದ ಕೈ ತೂಗಾಡುತ್ತಿತ್ತು. ಟೈಲರಮ್ಮನಿಗೆ ಆಗ ನಿಜವಾಗಿ ತಲೆನೋವು ಬಂತು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಉರಿಯುವ ಹೊಟ್ಟೆ ಸುಮ್ಮನಿರುತ್ತದೆಯೇ? ಟೈಲರಮ್ಮ ವಾರಕ್ಕೊಮ್ಮೆ ತಂಗಿಯ ಮನೆಗೆ ಹೋಗುವಳು, ಕಾಫಿ ಕುಡಿಯುವಳು, ತಂಗಿ ಹೇಳಿದ್ದನ್ನೆಲ್ಲ ಕೇಳುವಳು. ತಂಗಿಗೋ ಅಕ್ಕನ ಮುಂದೆ ಮುಚ್ಚುಮರೆ ಅನ್ನುವುದು ಗೊತ್ತೇ ಇಲ್ಲ. "ನೋಡಕ್ಕಾ, ಬಾಗಿಲು ತೆಗೆದ ತಕ್ಷಣ ಚಪ್ಪಲಿ ಗೂಡಿನ ಒಳಗೆ ಈ ಸ್ವಿಚ್ ಒತ್ತಬೇಕು, ಇಲ್ಲಾಂದ್ರೆ ಸೈರನ್ನು ಊರೆಲ್ಲ ಎಬ್ಬಿಸತ್ತೆ" ಅಂತ ತೋರಿಸಿದಳು. ಕ್ಯಾಮೆರಾಗಳು ನೋಡಿದ್ದೆಲ್ಲ ಶೇಖರವಾಗುವ ಪೆಟ್ಟಿಗೆಯನ್ನು ಅಡುಗೆಮನೆಯ ಅಟ್ಟದಲ್ಲಿ, ಖಾಲಿ ಕುಕ್ಕರ್ ಡಬ್ಬದ ಹಿಂದೆ ಬಚ್ಚಿಟ್ಟದ್ದನ್ನೂ ತೋರಿಸಿದಳು. "ಇವರು ಯಾರಿಗೂ ಹೇಳ್ಬೇಡ ಅಂದಿದಾರೆ. ಮೆಡಿಕಲ್ ಶಾಪ್ ಮೇಡಂಗೆ ಸ್ವಿಚ್ ಗೊತ್ತಿರ್ಬೇಕಲ್ಲ, ಅವರಿಗೆ ಎರಡೂ ತೋರಿಸಿದ್ದು. ಆಮೇಲೆ ನಿಂಗೆ."

ಆಮೇಲೆ ನಿಂಗೆ. ಆ ಎರಡು ಮಾತು ಟೈಲರಮ್ಮನ ಕಿವಿಯಲ್ಲಿ ದಾರಿಯುದ್ದಕ್ಕೂ ಕೊರೆಯಿತು.

ಮರುದಿನ ಅಂಗಡಿಯಲ್ಲಿ ಅವಳ ಬಾಯಿಗೆ ಹಬ್ಬ. ಕಿಲ್ಲೇದಾರನ ಕೋಟೆಯ ವರ್ಣನೆ ಶುರುವಾಯಿತು. ಬೆಕ್ಕೊಂದು ಕಾಂಪೌಂಡು ಹಾರಿದ್ದಕ್ಕೆ ಮನೆಯ ಸುತ್ತ ದೀಪ ಹತ್ತಿಕೊಂಡದ್ದು, ಕಿಲ್ಲೇದಾರ ಬನಿಯನ್ನಿನಲ್ಲೇ ದೊಣ್ಣೆ ಹಿಡಿದು ಓಡಿ ಬಂದದ್ದು, ಬೆಕ್ಕು ಅವನನ್ನು ನೋಡಿ ಆಕಳಿಸಿದ್ದು. ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವವರು ಸಿಕ್ಕರೆ ಟೈಲರಮ್ಮನಿಗೆ ಕಡಿವಾಣ ಎಲ್ಲಿಯದು? ಉಪ್ಪು ಖಾರ ಹಚ್ಚಿ ಹೇಳಿದ್ದೇ ಹೇಳಿದ್ದು. "ಇಷ್ಟೆಲ್ಲ ಕೋಟೆ ಕಟ್ಟಿ ಕೀನ ಎಲ್ಲಿ ಇಟ್ಟಿದಾರೆ ಗೊತ್ತಾ? ಮಾತ್ರೆಯಮ್ಮನ ಕೌಂಟರ್ ಹಿಂದೆ, ಮೊಳೆಗೆ. ಕೆಮ್ಮಿನ ಸಿರಪ್ಪಿನ ಪಕ್ಕ. ನಾನು ಹೊಲ್ದ ಪರದೆ ಬಟ್ಟೇನೇ ಕಟ್ಟಿದಾಳೆ ಅದಕ್ಕೆ" ಅನ್ನುವಳು. ಕೊನೆಯ ಮಾತು ಹೇಳುವಾಗ ಮಾತ್ರ ಅವಳು ನಗುತ್ತಿರಲಿಲ್ಲ.

ಆ ದಿನಗಳಲ್ಲೇ ಒಬ್ಬ ಗಿರಾಕಿ ಬಂದ. ದೊಡ್ಡ ಹೊಟ್ಟೆ, ನಗುಮುಖ, ಅಚ್ಚುಕಟ್ಟಾದ ಮೀಸೆ. ಪ್ಯಾಂಟಿನ ಕಾಲು ಗಿಡ್ಡ ಮಾಡಿಸಬೇಕು ಅಂತ ಕೊಟ್ಟು, ಬೆಂಚಿನ ಮೇಲೆ ಕೂತ. ಬೆಕ್ಕಿನ ಕಥೆಗೆ, ಮೊಳೆಯ ಕೀ ಕಥೆಗೆ ಅವನು ನಕ್ಕಷ್ಟು ಯಾರೂ ನಕ್ಕಿರಲಿಲ್ಲ. ಕಣ್ಣೀರು ಒರೆಸಿಕೊಂಡು ನಕ್ಕ.

"ಅಲ್ಲಮ್ಮಾ, ಆ ಮೆಡಿಕಲ್ ಶಾಪಿನವರು ಬಾಗಿಲು ತೆಗೆದ್ರೆ ಸೈರನ್ನು ಕೂಗಲ್ವಾ?" ಅಂದ.

"ಎಲ್ಲಿ ಕೂಗತ್ತೆ? ಚಪ್ಪಲಿ ಗೂಡಲ್ಲಿ ಸ್ವಿಚ್ ಇದೆಯಲ್ಲ. ಹಳೇ ಚಪ್ಪಲಿ ವಾಸನೆ ಕುಡೀತಾ ಒತ್ತಬೇಕು ಪಾಪ" ಅಂದಳು ಟೈಲರಮ್ಮ.

"ಕ್ಯಾಮೆರಾ ಆದ್ರೂ ಹಾಕ್ಸಿರಬೇಕಲ್ವಾ."

"ಕುಕ್ಕರ್ ಡಬ್ಬದ ಹಿಂದೆ ಕೂರ್ಸಿದಾರೆ ಅದರ ಪೆಟ್ಟಿಗೇನ. ಮುಂದೆ ಒಂದಿನ ಅದೂ ಸೀಟಿ ಹೊಡೀಬಹುದು." ಅವನು ಮತ್ತೆ ನಕ್ಕ. ಟೈಲರಮ್ಮನ ಕೈ ಮಷೀನಿನ ಮೇಲೆ ಕುಣಿಯಿತು. "ಈ ಭಾನುವಾರ ಗಂಡ ಹೆಂಡ್ತಿ ಇಬ್ರೂ ಸ್ನೇಹಿತರ ಮನೆಗೆ ಅಂತ ಬೇರೆ ಊರಿಗೆ ಹೋಗ್ತಾರಂತೆ. ಬೆಳಗ್ಗೆ ಹೋದ್ರೆ ಸಂಜೆಗೆ ಬರೋದು. ಅಷ್ಟಕ್ಕೇ ಎರಡು ದಿನದಿಂದ ಕಿಟಕಿ ಬಾಗಿಲು ಪರೀಕ್ಷೆ ನಡೀತಿದೆ."

ಅವನು ಪ್ಯಾಂಟು ಆಮೇಲೆ ಬಂದು ತಗೋತೀನಿ ಅಂತ ಎದ್ದು ಹೋದ. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡಳು ಅವಳು.

ಭಾನುವಾರ ಸಂಜೆ ತಂಗಿ ಫೋನು ಮಾಡಿ ಅಳತೊಡಗಿದಳು. ಮನೆಗೆ ಕಳ್ಳ ಬಿದ್ದಿದ್ದ. ಬಾಗಿಲಿಗೆ ಒಂದು ಗೀರಿಲ್ಲ, ಗ್ರಿಲ್ಲು ಮುಟ್ಟಿಲ್ಲ, ಸೈರನ್ನು ಉಸಿರೆತ್ತಿಲ್ಲ. ಹೋಗುವಾಗ ಬೀಗವನ್ನೂ ಹಾಕಿಕೊಂಡು ಹೋಗಿದ್ದ. ತಂಗಿಯ ಬಳೆ, ಸರ, ಕಿಲ್ಲೇದಾರನ ಕೈಗಡಿಯಾರ, ಲ್ಯಾಪ್‌ಟಾಪು ಎಲ್ಲ ಮಾಯ. ಕ್ಯಾಮೆರಾದ ಪೆಟ್ಟಿಗೆಯೂ ಇಲ್ಲ. ಕುಕ್ಕರ್ ಡಬ್ಬವನ್ನು ಮಾತ್ರ ಇದ್ದ ಜಾಗದಲ್ಲೇ ನೀಟಾಗಿ ಇಟ್ಟಿದ್ದ.

ಟೈಲರಮ್ಮ ಓಡಿಹೋದಳು. ಪೊಲೀಸಿನವರು ಕಿಲ್ಲೇದಾರನನ್ನು ಕೇಳಿದ್ದು ಒಂದೇ ಪ್ರಶ್ನೆ, ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ? ಅಲ್ಲಿಂದ ಅವರು ನೆಟ್ಟಗೆ ಮೆಡಿಕಲ್ ಶಾಪಿಗೆ ಹೋದರು. ಬೀಗದ ಕೈ ಮೊಳೆಯಲ್ಲೇ ಇತ್ತು. ಮಾತ್ರೆಯಮ್ಮ ಬಿಳಿಚಿಕೊಂಡು ನಿಂತಿದ್ದಳು, ಔಷಧಿಗೆ ಬಂದ ಜನ ಚೀಟಿ ಹಿಡಿದುಕೊಂಡು ಬಾಯಿಬಿಟ್ಟು ನೋಡುತ್ತಿದ್ದರು.

ಆ ರಾತ್ರಿ ಟೈಲರಮ್ಮ ತಂಗಿಗಾಗಿ ಅತ್ತದ್ದು ನಿಜ. ಆದರೆ ಇಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ, ಒಳಗೊಳಗೆ ಅವಳಿಗೆ ಹಾಯೆನಿಸಿತ್ತು. ಅನುಭವಿಸಲಿ, ಕಂಡ ಕಂಡವರನ್ನು ತಲೆ ಮೇಲೆ ಕೂರಿಸಿಕೊಂಡರೆ ಹೀಗೇ ಆಗುವುದು ಅಂದುಕೊಂಡಳು. ಮಾತ್ರೆಯಮ್ಮನ ಬಿಳಿಚಿದ ಮುಖ ನೆನಪಾದಾಗಲೆಲ್ಲ ಎದೆಯೊಳಗೆ ತಣ್ಣಗೆ ನೀರು ಹೊಯ್ದಂತಾಗುತ್ತಿತ್ತು. ಗಂಡನಿಗೆ ಸರಿಯಾಗಿ ಉಪ್ಪು ಹಾಕಿ ಬಡಿಸಿದಳು.

ಈ ಹಾಯಿ ಮಾರನೆಯ ದಿನ ಮಧ್ಯಾಹ್ನದವರೆಗೆ ಉಳಿಯಿತು. ಹೊಲಿದಿಟ್ಟ ಬಟ್ಟೆಗಳನ್ನು ಮಡಚಿ ಇಡುವಾಗ ಆ ನಗುಮುಖದವನ ಪ್ಯಾಂಟು ಕೈಗೆ ಬಂತು. ಬಿಚ್ಚಿ ಹಿಡಿದಳು. ಸೊಂಟದ ಕಡೆ ಕಣ್ಣು ಹೋಯಿತು. ಮತ್ತೊಮ್ಮೆ ನೋಡಿದಳು. ಟೇಪು ತೆಗೆದು ಹಿಡಿಯುವ ಅಗತ್ಯವೇ ಇರಲಿಲ್ಲ, ಆದರೂ ಹಿಡಿದಳು. ಆ ಪ್ಯಾಂಟು ಅವನ ಒಂದು ತೊಡೆಗೂ ಏರುವಂಥದ್ದಾಗಿರಲಿಲ್ಲ.

ರಸ್ತೆಯ ಆಚೆ ಬದಿಯಲ್ಲಿ ಹೋಗುವವರ ಸೊಂಟದ ಅಳತೆಯನ್ನು ಈಚೆ ಕೂತು ಹೇಳುವ ಹೆಂಗಸು ಇವಳು. ಅಂಥವಳ ಎದುರಿಗೇ ಅಷ್ಟು ದೊಡ್ಡ ಹೊಟ್ಟೆಯವನೊಬ್ಬ ಇಷ್ಟು ಸಣ್ಣ ಪ್ಯಾಂಟು ಕೊಟ್ಟು ಬೆಂಚಿನ ಮೇಲೆ ಕೂತಿದ್ದ, ಇವಳು ಅಳತೆ ನೋಡಲಿಲ್ಲ. ನೋಡಿದ್ದು ಅವನ ನಗುವನ್ನು. ತನ್ನ ಉರಿಗೆ ತಾಳ ಹಾಕುವವನೊಬ್ಬ ಸಿಕ್ಕ ಸಂತೋಷದಲ್ಲಿ, ಎಲ್ಲಿ ಕೀ, ಎಲ್ಲಿ ಸ್ವಿಚ್ಚು, ಯಾವ ದಿನ ಮನೆ ಖಾಲಿ ಅಂತ ಒಂದೊಂದೇ ಬಿಡಿಸಿ ಕೈಗಿಟ್ಟಿದ್ದಳು. ಟೈಲರಮ್ಮ ಪ್ಯಾಂಟನ್ನು ಮೇಜಿನ ಕೆಳಗೆ ತುರುಕಿದಳು. ಅಂಗಡಿಯ ಶಟರು ಎಳೆದು ಕತ್ತಲಲ್ಲಿ ಕೂತಳು.

ಹೇಳಬಾರದು ಅಂತ ತೀರ್ಮಾನಿಸಿದಳು. ಹೇಳಿದರೆ ತಂಗಿ ಕೈತಪ್ಪಿ ಹೋದ ಹಾಗೆ. ಬಳೆ ಹೋದದ್ದು ಮತ್ತೆ ಮಾಡಿಸಿಕೊಂಡಾರು, ವಿಮೆಯೂ ಇದೆ, ವಿಮೆಯವನೇ ಗಂಡ. ಕಳ್ಳ ಸಿಗುವವನಾದರೆ ಪೊಲೀಸಿನವರಿಗೆ ಹೇಗೂ ಸಿಗುತ್ತಾನೆ. ತಾನು ಬಾಯಿಬಿಟ್ಟು ಯಾರಿಗೇನು ಉಪಕಾರ? ಹೀಗೆ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಾತ್ರೆಯಮ್ಮನ ಹೆಸರು ಬಂದಾಗ ಮಾತ್ರ ಆ ಸಮಾಧಾನ ನಿಲ್ಲುತ್ತಿರಲಿಲ್ಲ, ಅದಕ್ಕೆ ಆ ಹೆಸರನ್ನೇ ಬಿಟ್ಟು ಯೋಚಿಸಿದಳು.

ಸಂಜೆ ತಂಗಿ ಬರಹೇಳಿದಳು. ಹೋಗಿ ನೋಡಿದರೆ ಹಜಾರದಲ್ಲಿ ಕಿಲ್ಲೇದಾರ ತಲೆ ಮೇಲೆ ಕೈಹೊತ್ತು ಕೂತಿದ್ದ. ಇಷ್ಟು ವರ್ಷ ಬೇರೆಯವರ ಮನೆಯಲ್ಲಿ ನಿಂತು ವರದಿ ಬರೆದವನಿಗೆ ಈಗ ತನ್ನ ಮನೆಯಲ್ಲಿ ಎಲ್ಲಿ ನಿಲ್ಲಬೇಕು ಅಂತ ತಿಳಿಯದಂತಿತ್ತು. ಬಾಗಿಲ ಹತ್ತಿರ, ಒಳಗೂ ಅಲ್ಲ ಹೊರಗೂ ಅಲ್ಲ ಅನ್ನುವಂತೆ, ಮಾತ್ರೆಯಮ್ಮ ನಿಂತಿದ್ದಳು. ಅವಳಿಗೆ ಯಾರೂ ಕೂರಲು ಹೇಳಿರಲಿಲ್ಲ. ಕೈಯಲ್ಲಿ ಬೂದು ಪಟ್ಟಿಯ ಬೀಗದ ಕೈ.

"ಇದನ್ನ ಕೊಟ್ಟು ಹೋಗೋಣ ಅಂತ ಬಂದೆ. ನಾನು ತಗೊಂಡಿಲ್ಲ ಅಂತ ಹೇಗೆ ಹೇಳ್ಲಿ ಗೊತ್ತಾಗ್ತಿಲ್ಲ. ಎಲ್ರಿಗೂ ಕಾಣೋ ಹಾಗೆ ಮೊಳೆಗೆ ಹಾಕಿದ್ದು ನನ್ನ ತಪ್ಪು, ಅದನ್ನ ಒಪ್ಕೋತೀನಿ. ಪೊಲೀಸಿನವರು ನಾಳೆ ಸ್ಟೇಷನ್ನಿಗೆ ಬರೋಕೆ ಹೇಳಿದಾರೆ. ಇವತ್ತು ಅಂಗಡಿಗೆ ಯಾರೂ ಬರ್ಲಿಲ್ಲ" ಅಂದಳು ಮಾತ್ರೆಯಮ್ಮ.

ತಂಗಿ ಅವಳ ಮುಖ ನೋಡದೆ ಬೀಗದ ಕೈ ತೆಗೆದುಕೊಂಡಳು. ನೇರ ಅಕ್ಕನ ಹತ್ತಿರ ಬಂದು, ಅವಳ ಅಂಗೈ ಬಿಡಿಸಿ, ಬೀಗದ ಕೈ ಇಟ್ಟು, ಬೆರಳು ಮಡಚಿದಳು.

"ಇನ್ಮೇಲೆ ಇದು ನಿನ್ನ ಹತ್ರ ಇರ್ಲಿ ಅಕ್ಕಾ. ಮೊದಲೇ ನಿಂಗೇ ಕೊಡ್ಬೇಕಾಗಿತ್ತು" ಅಂದವಳು ಗಂಡನ ಕಡೆ ತಿರುಗಿದಳು. "ಕೇಳಿದ್ರಾ? ನಮ್ಮಕ್ಕಂಗೆ ಕೊಡೋಣ ಅಂತ ನಾನು ಬಡ್ಕೊಂಡೆ. ಅವರ ಬಾಯಿ ನಿಲ್ಲಲ್ಲ, ಅಂಗಡೀಲಿ ಎಲ್ಲ ಆಡ್ಬಿಡ್ತಾರೆ ಅಂದ್ರಿ. ಎರಡು ದಿನ ನಿಮ್ಮ ಜೊತೆ ಮಾತು ಬಿಟ್ಟಿದ್ದೆ ಇದಕ್ಕೆ. ಈಗ ಯಾರು ಮನೆ ಹಾಳು ಮಾಡಿದ್ದು?"

ಟೈಲರಮ್ಮ ತನ್ನ ಮಡಚಿದ ಬೆರಳುಗಳನ್ನು ನೋಡಿಕೊಂಡಳು. ತಂಗಿ ತನಗಾಗಿ ಜಗಳವಾಡಿದ್ದಳು. ತನಗೆ ಬರಬೇಕಾದ್ದು ಎಂದೋ ಬಂದಿತ್ತು, ಇವಳಿಗೇ ಗೊತ್ತಿರಲಿಲ್ಲ.

ಕಿಲ್ಲೇದಾರ ಎದ್ದು ಬಂದ. ಆ ಮನುಷ್ಯ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. "ಅತ್ತಿಗೆ, ನಾನು ಹಾಗಂದಿದ್ದು ತಪ್ಪಾಯ್ತು. ನಿಮ್ಮನ್ನ ಅಷ್ಟು ಹಗುರವಾಗಿ ತಿಳ್ಕೋಬಾರ್ದಿತ್ತು. ಸ್ವಿಚ್, ಪೆಟ್ಟಿಗೆ ವಿಷಯ ನಮ್ಮಿಬ್ಬರನ್ನ ಬಿಟ್ರೆ ನಿಮಗೂ ಇವರಿಗೂ ಮಾತ್ರ ಗೊತ್ತಿದ್ದಿದ್ದು ಅಂತ ಇವಳು ನಿನ್ನೆ ಹೇಳಿದ್ಲು. ನಿಮ್ಮ ಬಗ್ಗೆ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ" ಅಂದ.

ಬೇಡಿಕೊಂಡದ್ದೆಲ್ಲ ಒಟ್ಟಿಗೇ ಬಂದು ಬಿದ್ದಿತ್ತು ನೋಡಿ. ಬೀಗದ ಕೈ ಅಂಗೈಯಲ್ಲಿ, ಕಿಲ್ಲೇದಾರನ ತಲೆ ತಗ್ಗಿದೆ, ಮಾತ್ರೆಯಮ್ಮ ಬಾಗಿಲ ಹೊರಗಾಗುವ ಹಂತದಲ್ಲಿದ್ದಾಳೆ. ಟೈಲರಮ್ಮ ಇನ್ನೇನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಅವಳದೇ. ಅವಳು ಬೀಗದ ಕೈಯನ್ನು ಒತ್ತಿ ಹಿಡಿದಳು. ಮಾತ್ರೆಯಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಚಪ್ಪಲಿಗಾಗಿ ಕಾಲು ಚಾಚಿದಳು. ಕಣ್ಣು ಮಂಜಾಗಿ ಅವಳ ಕಾಲು ಬೇರೆ ಯಾರದೋ ಚಪ್ಪಲಿಗೆ ಹೋಯಿತು.

"ಅವರಲ್ಲ ಕಣೇ" ಅಂದಳು ಟೈಲರಮ್ಮ.

ತಂಗಿಗೆ ಅರ್ಥವಾಗಲಿಲ್ಲ. "ಯಾರು ಅಲ್ಲ?"

"ಅವರು ತಗೊಂಡಿಲ್ಲ. ನಾನು ಹೇಳಿದ್ದು. ಅಂಗಡೀಲಿ." ಅಲ್ಲಿಗೆ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಅಂತ ಗೊತ್ತಿತ್ತು. ದೊಡ್ಡ ಹೊಟ್ಟೆಯವನು ಬಂದದ್ದು, ಕೂತದ್ದು, ಕೇಳಿದ್ದು, ತಾನು ಕೀ ಎಲ್ಲಿದೆ, ಸ್ವಿಚ್ಚು ಎಲ್ಲಿದೆ, ಪೆಟ್ಟಿಗೆ ಎಲ್ಲಿದೆ ಅಂತ ನಗೆಯಾಡಿ ಹೇಳಿದ್ದು, ಭಾನುವಾರದ ವಿಷಯ, ಅವನಿಗೆ ಆಗದ ಪ್ಯಾಂಟು, ಎಲ್ಲವನ್ನೂ ಹೇಳಿದಳು. "ಪ್ಯಾಂಟು ನನ್ನ ಅಂಗಡೀಲೇ ಇದೆ. ಪೊಲೀಸಿನವರಿಗೆ ನಾನೇ ಹೋಗಿ ಕೊಡ್ತೀನಿ."

"ನಗುಮುಖ, ಮೀಸೆ?" ಅಂದಳು ಮಾತ್ರೆಯಮ್ಮ. "ಭಾನುವಾರ ಬೆಳಗ್ಗೆ ಬಂದಿದ್ದ. ಫ್ರಿಜ್ಜಲ್ಲಿಡೋ ಕಣ್ಣಿನ ಡ್ರಾಪ್ಸ್ ಕೇಳ್ದ, ಒಳಗೆ ಹೋಗಿ ತಂದುಕೊಟ್ಟೆ. ಸಂಜೆ ಮತ್ತೆ ಬಂದು ಇದಲ್ಲ, ಬೇರೇದು ಕೊಡಿ ಅಂದ. ಮತ್ತೆ ಒಳಗೆ ಹೋದೆ. ಮಧ್ಯೆ ಮೊಳೆ ಕಡೆ ನೋಡ್ಲೇ ಇಲ್ಲ." ಅವಳು ಗೋಡೆಗೆ ಒರಗಿಕೊಂಡಳು.

ನಾನು ಮೊದಲೇ ಹೇಳಿರಲಿಲ್ಲವೇ ಅಂತ ಕಿಲ್ಲೇದಾರ ಕೂಗಾಡಿದ್ದರೆ ಟೈಲರಮ್ಮನಿಗೆ ಎಷ್ಟೋ ನಿರಾಳವಾಗುತ್ತಿತ್ತು. ಅವನು ಹೆಂಡತಿಯನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ.

"ಯಾಕಕ್ಕಾ?" ಅಂದಳು ತಂಗಿ. ದನಿ ಸಣ್ಣದಾಗಿತ್ತು.

"ಹೊಟ್ಟೆಕಿಚ್ಚಿಗೆ" ಅಂದಳು ಟೈಲರಮ್ಮ. ಬೇರೆ ಉತ್ತರ ಹುಡುಕಲು ಅವಳಿಂದಾಗಲಿಲ್ಲ. "ನಂಗೆ ಕೊಡ್ದೆ ಅವರಿಗೆ ಕೊಟ್ಟೆ ಅಂತ."

ತಂಗಿ ಬೈಯಲಿಲ್ಲ, ಅಳಲಿಲ್ಲ. ಹತ್ತಿರ ಬಂದು ಅಕ್ಕನ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬೀಗದ ಕೈ ತೆಗೆದುಕೊಂಡಳು. ಹಜಾರ ದಾಟಿ ಬಾಗಿಲ ಹತ್ತಿರ ಹೋದಳು. ಮಾತ್ರೆಯಮ್ಮನ ಎರಡೂ ಕೈ ಹಿಡಿದುಕೊಂಡಳು. ಅಲ್ಲಿಯವರೆಗೆ ಮೇಡಂ, ಮೇಡಂ ಅಂತಲೇ ಮಾತಾಡಿಸುತ್ತಿದ್ದವಳ ಬಾಯಲ್ಲಿ ಈಗ ಬೇರೆ ಮಾತು ಬಂತು.

"ತಪ್ಪಾಯ್ತು ಅಕ್ಕಾ. ಮನಸ್ಸಿಗೆ ಹಚ್ಕೋಬೇಡಿ. ಒಳಗೆ ಬನ್ನಿ, ಕೂತ್ಕೊಳ್ಳಿ ಅಕ್ಕಾ" ಅಂದು ಅವಳ ಹೆಗಲಿಗೆ ಮುಖವಿಟ್ಟು ಅತ್ತಳು. ಮಾತ್ರೆಯಮ್ಮ ಅವಳ ತಲೆ ಸವರಿದಳು. ತಂಗಿ ಅತ್ತಾಗ ಹೇಗೆ ಸವರಬೇಕೋ ಹಾಗೇ, ಹಣೆಯಿಂದ ಹಿಂದಕ್ಕೆ, ನಿಧಾನವಾಗಿ ಸವರಿದಳು. ಅದನ್ನು ಅವಳಿಗೆ ಯಾರು ಹೇಳಿಕೊಟ್ಟರೋ.

ಅಂಥ ಹೊತ್ತಿನಲ್ಲೂ ಟೈಲರಮ್ಮನ ಹೊಟ್ಟೆಯಲ್ಲಿ ಉರಿ ಎದ್ದಿತು. ಮನೆ ನೋಡಿದಾಗ ಎದ್ದ ಉರಿ ಇದರ ಮುಂದೆ ಏನೇನೂ ಅಲ್ಲ. ಅವಳು ಅವರಿಬ್ಬರ ಪಕ್ಕದಿಂದ ಸರಿದು ಹೊರಗೆ ಹೋದಳು, ಚಪ್ಪಲಿ ಮೆಟ್ಟಿಕೊಂಡಳು. ತಂಗಿ ಕರೆಯಬಹುದೇನೋ ಅಂತ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಒಳಗೆ ಯಾರೋ ಕಾಫಿಗೆ ನೀರಿಟ್ಟ ಸದ್ದು ಕೇಳಿಸಿತು. ಆಮೇಲೆ ಅವಳು ಪ್ಯಾಂಟು ತರಲು ಅಂಗಡಿಯ ಕಡೆ ನಡೆದಳು.